ಸಾಲ ಸಿಕ್ಕಿತು, ಲೆಕ್ಕ ಕಲಿಸುವವರು ಯಾರು?

ಕಾರವಾರ, ಅಂಕೋಲಾ ಪೇಟೆಗಳಲ್ಲಿ ಹೊಸದಾಗಿ ಅಂಗಡಿ ತೆರೆಯುವ ಯುವಕನಿಗೆ ನಾವು ಕೇಳುವ ಮೊದಲ ಪ್ರಶ್ನೆ, ಬಂಡವಾಳಕ್ಕೆ ಏನು ಮಾಡಿದೆ ಎಂಬುದು. ಲೆಕ್ಕ ಹೇಗಿಡುತ್ತೀ ಎಂದು ಕೇಳುವವರು ಅಪರೂಪ. ಬಂಡವಾಳ ಹೇಗೋ ಒದಗುತ್ತದೆ. ಗಲ್ಫ್‌ನಲ್ಲಿರುವ ಅಣ್ಣ ಕಳುಹಿಸುತ್ತಾನೆ, ತಾಯಿಯ ಒಡವೆ ಅಡವಿಗೆ ಹೋಗುತ್ತದೆ, ಅಥವಾ 2015ರಲ್ಲಿ ಆರಂಭವಾದ ಮುದ್ರಾ ಯೋಜನೆಯ ಸಾಲ ಸಿಗುತ್ತದೆ. ಅನಂತರ ಅದೇ ಗಲ್ಲಾಪೆಟ್ಟಿಗೆಯಿಂದ ಮನೆಯ ಅಕ್ಕಿ, ಮೀನು, ಮಗಳ ಶಾಲಾ ಶುಲ್ಕ, ಸಂಬಂಧಿಕರ ಮದುವೆಯ ಉಡುಗೊರೆ ಎಲ್ಲವೂ ಸಾಗುತ್ತವೆ. ದಿನದ ಮಾರಾಟವನ್ನೇ ಲಾಭವೆಂದು ಭ್ರಮಿಸಿದವನಿಗೆ ಸಗಟು ವ್ಯಾಪಾರಿ ಬಾಕಿ ಕೇಳಲು ಬಂದಾಗಲೇ ಎಚ್ಚರವಾಗುವುದು. ಮನೆಯಲ್ಲೇ ಹೊಲಿಗೆ, ತಿಂಡಿ-ಉಪ್ಪಿನಕಾಯಿ ಮಾಡಿ ಮಾರುವ ನಮ್ಮ ಸಹೋದರಿಯರ ಸ್ಥಿತಿಯೂ ಭಿನ್ನವಲ್ಲ. ಬೆಲೆ ಕಟ್ಟುವಾಗ ಅವರು ತಮ್ಮ ದುಡಿಮೆಯನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

2006ರ ಸಾಚಾರ್ ಸಮಿತಿ ವರದಿಯ ಪ್ರಕಾರ ದುಡಿಯುವ ಮುಸ್ಲಿಮರಲ್ಲಿ ಶೇ. 61 ಮಂದಿ ಸ್ವಂತ ಉದ್ಯೋಗವನ್ನು ಅವಲಂಬಿಸಿದ್ದರು. ಹಿಂದೂಗಳಲ್ಲಿ ಈ ಪ್ರಮಾಣ ಶೇ. 55. ಆ ವರದಿಯ ಬಗ್ಗೆ ನಾವು ನಡೆಸಿದ ವಿಚಾರಗೋಷ್ಠಿಗಳಿಗೆ ಲೆಕ್ಕವಿಲ್ಲ. ಆದರೆ ಈ ಒಂದು ಅಂಶವನ್ನು ಹಿಡಿದು ಎಷ್ಟು ಅಂಗಡಿಗಳ ಮೆಟ್ಟಿಲು ಹತ್ತಿದ್ದೇವೆ? ಸಾಲದ ವ್ಯವಹಾರವನ್ನು ಬರೆದಿಡಬೇಕೆಂಬ ಸೂಕ್ತವೇ ಪವಿತ್ರ ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತವೆಂಬುದನ್ನು ಬಲ್ಲ ಸಮುದಾಯ ನಮ್ಮದು!

ದಾರಿ ತೋರಿಸಿದವರು ನಮ್ಮ ಕರಾವಳಿಯಲ್ಲೇ ಇದ್ದಾರೆ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಡಾ. ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕ್‌ಗಳ ಜೊತೆಗೂಡಿ ರುಡ್‌ಸೆಟ್ ಸಂಸ್ಥೆಯನ್ನು ಆರಂಭಿಸಿದರು. ಊಟ-ವಸತಿ ಸಹಿತ ಉಚಿತ ತರಬೇತಿ ನೀಡಿ ಕೈತೊಳೆದುಕೊಳ್ಳದೆ, ಕಲಿತವನನ್ನು ಎರಡು ವರ್ಷ ಬೆನ್ನುಹತ್ತಿ ವಿಚಾರಿಸುವುದೇ ಅದರ ವೈಶಿಷ್ಟ್ಯ. 2009ರಲ್ಲಿ ಕೇಂದ್ರ ಸರಕಾರ ಈ ಮಾದರಿಯನ್ನು ಆರ್‌ಸೆಟಿ ಹೆಸರಿನಲ್ಲಿ ಜಿಲ್ಲೆಗಳಿಗೆ ವಿಸ್ತರಿಸಿತು. ನಮ್ಮ ಜಿಲ್ಲೆಯ ಹಳಿಯಾಳದಲ್ಲೂ ಇಂತಹ ಸಂಸ್ಥೆಯಿದೆ. ಆದರೆ ಇವುಗಳ ಗಮನ ಹೆಚ್ಚಾಗಿ ಹೊಸಬರತ್ತ. ಹತ್ತು ವರ್ಷಗಳಿಂದ ಅಂಗಡಿ ನಡೆಸುತ್ತಾ ಅಲ್ಲೇ ನಿಂತುಬಿಟ್ಟವನು ವಾರಗಟ್ಟಲೆ ಬಾಗಿಲು ಮುಚ್ಚಿ ಘಟ್ಟ ಹತ್ತಲು ಸಾಧ್ಯವೇ?

ಮುಂಬಯಿ ಸಮೀಪದ ಬಟ್ಟೆ ಗಿರಣಿಗಳಲ್ಲಿ ನಡೆದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಅವು ಕುಟುಂಬಗಳ ಒಡೆತನದವು, ನಮ್ಮ ಅಂಗಡಿಗಳಿಗಿಂತ ಎಷ್ಟೋ ದೊಡ್ಡವು. ದಾಸ್ತಾನಿನ ದಾಖಲೆ, ಯಂತ್ರಗಳ ಆರೈಕೆ, ದೋಷಗಳ ಲೆಕ್ಕ ಮುಂತಾದವನ್ನು ಸಲಹೆಗಾರರು ಪಕ್ಕದಲ್ಲೇ ನಿಂತು ಕಲಿಸಿದರು. ಮೊದಲ ವರ್ಷದಲ್ಲೇ ಉತ್ಪಾದಕತೆ ಶೇ. 17ರಷ್ಟು ಏರಿತು. ಕೆಲವು ವರ್ಷಗಳ ನಂತರ ಹೋಗಿ ನೋಡಿದಾಗ, ಕಲಿತದ್ದರಲ್ಲಿ ಸುಮಾರು ಅರ್ಧ ಕೈಬಿಟ್ಟುಹೋಗಿತ್ತು. ಉಜಿರೆಯವರ ಎರಡು ವರ್ಷಗಳ ಬೆನ್ನುಹತ್ತುವಿಕೆಯ ಅಗತ್ಯ ಇಲ್ಲಿ ಅರ್ಥವಾಗುತ್ತದೆ.

ಸೀಬರ್ಡ್ ನೌಕಾನೆಲೆಗಾಗಿ ಕಾರವಾರ-ಅಂಕೋಲಾದ ಜನ ಮನೆ, ಗದ್ದೆ, ಕಡಲತೀರಗಳನ್ನು ಬಿಟ್ಟುಕೊಟ್ಟರು. ಕೇಂದ್ರದ ಇಲಾಖೆಗಳು ವಾರ್ಷಿಕ ಖರೀದಿಯ ಒಂದಂಶವನ್ನು ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳಿಂದ ಪಡೆಯಬೇಕೆಂಬ 2012ರ ನೀತಿಯಿದೆ. 2018ರಲ್ಲಿ ಆ ಪ್ರಮಾಣ ಶೇ. 25ಕ್ಕೇರಿತು. ಕೊಂಡು ಮಾರುವವರಿಗೆ ಇದು ಅನ್ವಯಿಸದು. ಆದರೆ ವೆಲ್ಡಿಂಗ್, ಹೊಲಿಗೆ, ಮುದ್ರಣದವರು ಪ್ರಯತ್ನಿಸಬಹುದು. ಅದಕ್ಕೆ ಬೇಕಾದ ಉದ್ಯಮ್ ನೋಂದಣಿ ಉಚಿತವೆಂದು ತಿಳಿಯದೆ ದಲ್ಲಾಳಿಗಳಿಗೆ ಹಣ ತೆರುವವರೂ ಇದ್ದಾರೆ.

ನಮ್ಮಲ್ಲಿ ನಿವೃತ್ತ ಬ್ಯಾಂಕ್ ನೌಕರರಿದ್ದಾರೆ, ಗಲ್ಫ್‌ನ ಕಂಪೆನಿಗಳಲ್ಲಿ ಲೆಕ್ಕಪತ್ರ ನೋಡಿ ಮರಳಿದವರಿದ್ದಾರೆ. ಒಬ್ಬೊಬ್ಬರು ಒಂದೊಂದು ಅಂಗಡಿಯನ್ನು ಎರಡು ವರ್ಷಗಳ ಮಟ್ಟಿಗೆ ವಹಿಸಿಕೊಂಡು ವಾರಕ್ಕೊಂದು ಸಂಜೆ ಹೋಗಿ ಕುಳಿತರೆ ಸಾಕು. ಹಣ ಕೊಡುವುದು ಬೇಡ. ಮಾಲಿಕನಿಗೆ ತಿಂಗಳ ಸಂಬಳ ನಿಗದಿಪಡಿಸಿ, ಮನೆಯ ಖರ್ಚನ್ನು ಗಲ್ಲಾಪೆಟ್ಟಿಗೆಯಿಂದ ಬೇರ್ಪಡಿಸುವುದು ಮೊದಲ ಕೆಲಸವಾಗಲಿ. ಜಮಾಅತ್ ಕಮಿಟಿಗಳು ಇಂತಹವರ ಪಟ್ಟಿ ಮಾಡಬಹುದು. ಊರಿನವರಿಗೇ ಲೆಕ್ಕ ತೋರಿಸಲು ವ್ಯಾಪಾರಿ ಸಂಕೋಚಪಡುತ್ತಾನೆಂಬುದು ನಿಜ. ಹಾಗಿದ್ದರೆ ಕಾರವಾರದ ಅಂಗಡಿಗೆ ಅಂಕೋಲಾದವರು ಬರಲಿ, ಅಂಕೋಲಾದ ಅಂಗಡಿಗೆ ಕಾರವಾರದವರು ಹೋಗಲಿ.