‘ಮತ್ತು ಸಂಗಡಿಗರು’

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಸೀಮೆಯಲ್ಲಿ ಸಂಗೀತ ಕಚೇರಿಯ ಆಹ್ವಾನಪತ್ರಿಕೆಯನ್ನು ಕಂಡವರಿಗೆ ಒಂದು ಸಂಗತಿ ಸುಪರಿಚಿತ. ಹಾಡುಗಾರಿಕೆ ಯಾರದೆಂದು ಅಚ್ಚಾದ ಕೆಳಗೆ ಪಿಟೀಲು ಯಾರದು, ಮೃದಂಗ ಯಾರದು ಎಂಬುದೂ ಅಚ್ಚಾಗಿರುತ್ತದೆ. ಪಕ್ಕವಾದ್ಯವು ಪಕ್ಕದಲ್ಲಿದ್ದರೂ ಅನಾಮಧೇಯವಲ್ಲ. ಮೈಸೂರು ಚೌಡಯ್ಯನವರ ಹೆಸರಿನ ಭವನವು ಬೆಂಗಳೂರಿನಲ್ಲಿ ಪಿಟೀಲಿನ ಆಕಾರದಲ್ಲಿಯೇ ನಿಂತಿದೆ.

ಇದೇ ಸೀಮೆಯ ಜಾತ್ರೆಗಳಲ್ಲಿ, ಮದುವೆಯ ಚಪ್ಪರಗಳಲ್ಲಿ ಧ್ವನಿವರ್ಧಕದಿಂದ ಹೊಮ್ಮಿದ ಚಿತ್ರಗೀತೆಗಳ ವಾದಕರಿಗೆ ಮಾತ್ರ ಈ ಮರ್ಯಾದೆ ಸಲ್ಲಲಿಲ್ಲ. ಹಿಂದೆ ಕನ್ನಡ ಚಿತ್ರಗೀತೆಗಳ ಧ್ವನಿಮುದ್ರಣ ಬಹುಪಾಲು ಮದರಾಸಿನಲ್ಲಿ ನಡೆಯುತ್ತಿತ್ತು. ಗಾಯಕರೂ ವಾದಕರೂ ಏಕಕಾಲದಲ್ಲಿ ಹಾಡಿ ನುಡಿಸಬೇಕು. ಒಬ್ಬನ ಕಮಾನು ತಪ್ಪಿದರೆ ಎಲ್ಲರೂ ಮೊದಲಿನಿಂದ ಆರಂಭಿಸಬೇಕು. ಆಗತಾನೆ ಕೈಗಿತ್ತ ಸ್ವರಪತ್ರವನ್ನು ನೋಡಿದೊಡನೆ ತಪ್ಪಿಲ್ಲದೆ ನುಡಿಸುವುದು ಸಾಮಾನ್ಯ ವಿದ್ವತ್ತಲ್ಲ. ಆದರೂ ಗ್ರಾಮಫೋನ್ ತಟ್ಟೆಯ ಮೇಲೆ ಗಾಯಕ, ಕವಿ, ಸಂಗೀತ ನಿರ್ದೇಶಕರ ಹೆಸರುಗಳಷ್ಟೆ. 1977ರ ‘ಸನಾದಿ ಅಪ್ಪಣ್ಣ’ದಲ್ಲಿ ಶಹನಾಯಿ ನುಡಿಸಿದವರು ಬಿಸ್ಮಿಲ್ಲಾ ಖಾನರೆಂದು ನಾಡೆಲ್ಲ ಬಲ್ಲುದು. ಆ ಶಹನಾಯಿಗೆ ತಾಳವಿತ್ತ ಕೈ ಯಾರದೆಂದು ಕೇಳಿದವರುಂಟೆ? ಅದೇ ಜಿ. ಕೆ. ವೆಂಕಟೇಶರ ವೃಂದದಲ್ಲಿ ಹಿಂದೆ ಗಿಟಾರ್ ನುಡಿಸುತ್ತಿದ್ದವರು ಇಳಯರಾಜ. 1976ರಲ್ಲಿ ಅವರು ಸ್ವತಂತ್ರ ನಿರ್ದೇಶಕರಾಗದೆ ಹೋಗಿದ್ದರೆ ಆ ಹೆಸರೂ ವೃಂದದಲ್ಲಿಯೇ ಕರಗುತ್ತಿತ್ತು.

ಕಲ್ಪನೆ ನಿರ್ದೇಶಕನದು, ವಾದಕನು ಕೂಲಿಗೆ ನುಡಿಸುವವನು ಎಂಬ ಆಕ್ಷೇಪವುಂಟು. ಇದು ಒಪ್ಪತಕ್ಕ ಮಾತಲ್ಲ. ಅಮೆರಿಕದ ಡೆಟ್ರಾಯಿಟ್ ನಗರದ ಮೋಟೌನ್ ಸಂಸ್ಥೆಯು ಕರಿಯ ಜನರ ‘ಸೋಲ್’ ಗೀತೆಗಳನ್ನು ಜಗತ್ತಿಗೆ ಹಂಚಿತು. ಅಲ್ಲಿ ಬಾಸ್ ಗಿಟಾರ್ ನುಡಿಸುತ್ತಿದ್ದ ಜೇಮ್ಸ್ ಜೇಮರ್ಸನ್ ತನ್ನ ಪಾಲಿನ ಸ್ವರಪಂಕ್ತಿಗಳನ್ನು ಎಷ್ಟೋ ವೇಳೆ ತಾನೇ ಕಟ್ಟುತ್ತಿದ್ದನು. ಆ ಸಂಸ್ಥೆಯ ತಟ್ಟೆಗಳ ಹೊದಿಕೆಯಲ್ಲಿ ವಾದಕರ ಹೆಸರು ಕಾಣಿಸಿಕೊಂಡದ್ದು 1971ರಲ್ಲಿ. ಆತನು 1983ರಲ್ಲಿ ತೀರಿಕೊಂಡನು. ಆ ವೃಂದದ ಕಥೆಯನ್ನು ಹೇಳುವ ಚಿತ್ರ ಬಂದದ್ದು 2002ರಲ್ಲಿ.

ಮನ್ನಣೆ ತಡವಾಗಿಯಾದರೂ ಬರುವುದಕ್ಕೆ ಅಷ್ಟು ದೂರದ ನಿದರ್ಶನವೂ ಬೇಡ. ‘ತಮಟೆಯವರು’ ಎಂಬ ಒಂದೇ ಮಾತಿನಲ್ಲಿ ಊರು ಮುಗಿಸಿಬಿಡುತ್ತಿದ್ದ ಕಲಾವಿದರಲ್ಲಿ ಶಿಡ್ಲಘಟ್ಟ ತಾಲ್ಲೂಕು ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಸಂದಿತು.

ದಾನಿಗಳ ಹೆಸರನ್ನು ಮೊತ್ತಸಹಿತ ಅಚ್ಚುಮಾಡುವ ಶಾಲೆಗಳು (ಅದು ಯುಕ್ತವೇ) ವಾರ್ಷಿಕೋತ್ಸವದ ಕಾರ್ಯಕ್ರಮಪಟ್ಟಿಯಲ್ಲಿ ಗಾಯನದ ಮುಂದೆ ‘ಮತ್ತು ಸಂಗಡಿಗರು’ ಎಂದು ಬರೆದು ಕೈತೊಳೆಯುವುದುಂಟು. ಹಾರ್ಮೋನಿಯಂ ಹಿಡಿದ ಉಪಾಧ್ಯಾಯರೂ ತಬಲಾ ನುಡಿಸಿದ ಹುಡುಗನೂ ಆ ಎರಡು ಪದಗಳಲ್ಲಿ ಅಡಗಿಹೋಗುತ್ತಾರೆ. ಬರುವ ವರ್ಷದ ಪಟ್ಟಿಯಲ್ಲಿ ಅವರ ಹೆಸರುಗಳನ್ನು ಸೇರಿಸಿದರೆ ಎರಡು ಸಾಲು ಹೆಚ್ಚಾದೀತು, ಅಷ್ಟೆ.