ಮುಚ್ಚಳವಿರುವ ಕತ್ತರಿ

ಎರಡು ವಾರ ಈ ಪುಟದಲ್ಲಿ ನಾನು ಕಾಣಲಿಲ್ಲ. ತಾತನಿಗೆ ಬರೆದೂ ಬರೆದೂ ಸಾಕಾಯಿತೇನೋ ಎಂದು ಕೆಲವು ಮಕ್ಕಳು ಅಂದುಕೊಂಡಿರಬಹುದು. ಹಾಗಲ್ಲ. ನನ್ನಾಕೆ ಆಸ್ಪತ್ರೆಯಲ್ಲಿದ್ದಳು.

ಯುಗಾದಿಯ ರಾತ್ರಿ ಹನ್ನೊಂದರ ಸುಮಾರಿಗೆ ಅವಳಿಗೆ ಎದೆಗೂಡಿನ ಕೆಳಗೆ ನೋವು ಶುರುವಾಯಿತು. ಮುಂದಿನಿಂದ ಹಿಡಿದು ಬೆನ್ನಿನವರೆಗೂ ಸಲಾಕೆ ತೂರಿಸಿದ ಹಾಗಿದೆ ಎಂದಳು. ನಾನು ವೈದ್ಯನ ಗತ್ತಿನಲ್ಲಿ, "ಒಬ್ಬಟ್ಟಿಗೆ ತುಪ್ಪ ಜಾಸ್ತಿಯಾಯಿತು, ಗ್ಯಾಸು" ಎಂದು ಹೇಳಿ ಓಮದ ಕಷಾಯ ಕಾಯಿಸಿ ಕೊಟ್ಟೆ. ಅದು ವಾಂತಿಯಾಯಿತು. ಮಜ್ಜಿಗೆಗೆ ಇಂಗು ಹಾಕಿ ಕೊಟ್ಟೆ. ಅದೂ ನಿಲ್ಲಲಿಲ್ಲ. ಬೆಳಗಿನ ಐದು ಗಂಟೆಗೆ ನೋಡಿದರೆ ಮಲಗಲಾರದೆ ದಿಂಬನ್ನು ಹೊಟ್ಟೆಗೆ ಅವುಚಿಕೊಂಡು ಮುಂದಕ್ಕೆ ಬಾಗಿ ಕೂತಿದ್ದಾಳೆ, ಮೈಯೆಲ್ಲ ತಣ್ಣನೆಯ ಬೆವರು. ಆಗ ಮಗನನ್ನು ಎಬ್ಬಿಸಿದೆ. ಆರು ಗಂಟೆ ತಡ. ಆ ಆರು ಗಂಟೆಯ ಲೆಕ್ಕ ನನ್ನ ಖಾತೆಯಲ್ಲೇ ಇದೆ.

ಆಸ್ಪತ್ರೆಯಲ್ಲಿ ರಕ್ತ ತೆಗೆದರು, ಸ್ಕ್ಯಾನ್ ಮಾಡಿದರು. ರಕ್ತದ ವರದಿಯಲ್ಲಿ ಒಂದು ಸಾಲು ದಪ್ಪ ಅಕ್ಷರದಲ್ಲಿತ್ತು: ಲೈಪೇಸ್, 1,840. ಪಕ್ಕದಲ್ಲಿ ಆ ಲ್ಯಾಬಿನ ಮಿತಿ, 60. ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಅಂಕಿ ನೋಡಿದ ಕಣ್ಣು, ತಾನಾಗಿಯೇ ಭಾಗಿಸಿತು. ಮೂವತ್ತು ಪಟ್ಟಿಗೂ ಹೆಚ್ಚು!

ಮೊಮ್ಮಗಳು ವರದಿಯನ್ನು ನನ್ನ ಕೈಯಿಂದ ತೆಗೆದುಕೊಂಡಳು. ಹತ್ತನೇ ತರಗತಿಯ ವಿಜ್ಞಾನದ ಪುಸ್ತಕವನ್ನು ಮೊದಲೇ ತಂದಿಟ್ಟುಕೊಂಡು ಓದುತ್ತಿರುವವಳು. "ತಾತ, ಲೈಪೇಸ್ ಒಳ್ಳೇದಲ್ವಾ? ಕೊಬ್ಬನ್ನ ಜೀರ್ಣ ಮಾಡೋ ಕಿಣ್ವ ಅಂತ ಪುಸ್ತಕದಲ್ಲಿದೆ. ಜಾಸ್ತಿ ಇದ್ರೆ ಅಜ್ಜಿಗೆ ಇನ್ನೂ ಚೆನ್ನಾಗಿ ಜೀರ್ಣ ಆಗ್ಬೇಕಿತ್ತಲ್ಲ?"

ನಾನು ಓದಿದ್ದು ಬಿ.ಕಾಂ. ಉತ್ತರವಿರಲಿಲ್ಲ. ಆದರೆ ಆಸ್ಪತ್ರೆಯ ಬೆಂಚಿನ ಮೇಲೆ ನಮಗೆ ಬೇಕಾದಷ್ಟು ಹೊತ್ತಿತ್ತು. ಪುರುಸೊತ್ತಾದಾಗಲೆಲ್ಲ ನಿಂತು ಹೇಳುವ ಒಬ್ಬ ಒಳ್ಳೆಯ ಡಾಕ್ಟರೂ ಇದ್ದರು. ಅಲ್ಲಿ ನಾವಿಬ್ಬರೂ ಕಲಿತದ್ದನ್ನು ನಿಮಗೆ ಹೇಳುತ್ತೇನೆ.

ಮೊದಲು ಅಡುಗೆಮನೆಗೆ ಬನ್ನಿ. ತುಪ್ಪ ಕಾಯಿಸಿದ ಪಾತ್ರೆಗೆ ತಣ್ಣೀರು ಹಾಕಿ ತಿಕ್ಕಿದರೆ ಏನಾಗುತ್ತದೆ? ಏನೂ ಆಗುವುದಿಲ್ಲ, ಜಿಡ್ಡು ಜಾಗ ಬದಲಿಸುತ್ತದೆ ಅಷ್ಟೆ. ನಮ್ಮ ಹೊಟ್ಟೆಗೂ ಇದೇ ತೊಂದರೆ. ಒಳಗಿರುವುದೆಲ್ಲ ನೀರಿನ ವ್ಯವಹಾರ. ತುಪ್ಪ ಅದರಲ್ಲಿ ಕರಗದು. ಒಂದು ಗಾಜಿನ ಲೋಟದಲ್ಲಿ ನೀರು ತೆಗೆದುಕೊಂಡು ನಾಲ್ಕು ಹನಿ ಎಣ್ಣೆ ಬಿಡಿ, ತೇಲುತ್ತದೆ. ಅದಕ್ಕೆ ಅಜ್ಜಿ ರೇಷ್ಮೆ ಸೀರೆಗೆಂದು ನೆನೆಸಿಟ್ಟ ಅಂಟುವಾಳದ ನೀರು ಹಾಕಿ ಜೋರಾಗಿ ಕಲಕಿ. ಎಣ್ಣೆ ಸಣ್ಣ ಸಣ್ಣ ಹನಿಯಾಗಿ ಒಡೆದು ನೀರು ಬೆಳ್ಳಗೆ ಮಬ್ಬಾಗುತ್ತದೆ. ಯಕೃತ್ತಿನಿಂದ ಬರುವ ಪಿತ್ತರಸ ನಮ್ಮ ಸಣ್ಣ ಕರುಳಿನಲ್ಲಿ ಮಾಡುವ ಕೆಲಸ ಇದೇ, ಅಂಟುವಾಳದ ಕೆಲಸ. ಅದು ಹನಿಗಳನ್ನು ಸಣ್ಣದಾಗಿಸುತ್ತದೆ, ಕತ್ತರಿಸುವುದಿಲ್ಲ. ಕತ್ತರಿಸುವವನು ಬೇರೆ. ಅವನೇ ಲೈಪೇಸ್.

ಜಠರದಲ್ಲೂ ಒಂದು ಬಗೆಯ ಲೈಪೇಸ್ ಸ್ವಲ್ಪ ಕೆಲಸ ಮಾಡುತ್ತದೆ. ಆದರೆ ಮುಖ್ಯ ಭಾಗ ಮೇದೋಜೀರಕ ಗ್ರಂಥಿಯದು. ಜಠರದ ಹಿಂದೆ ಬೆನ್ನಿನ ಕಡೆಗೆ ಅಡ್ಡವಾಗಿ ಮಲಗಿರುವ ಗ್ರಂಥಿ ಇದು. ನೋವು ಬೆನ್ನಿಗೆ ಹೋದದ್ದು ಅದಕ್ಕೇ. ನಮ್ಮ ಭಾಷೆಯ ಹೆಸರನ್ನು ಗಮನಿಸಿ. ಮೇದಸ್ಸು ಎಂದರೆ ಕೊಬ್ಬು, ಜೀರಕ ಎಂದರೆ ಜೀರ್ಣ ಮಾಡುವಂಥದು. ಸಾರಿನ ಪುಡಿಗೆ ಹಾಕುವ ಜೀರಿಗೆಗೂ ಸಂಸ್ಕೃತದಲ್ಲಿ ಜೀರಕವೆಂದೇ ಹೆಸರು.

ಈ ಗ್ರಂಥಿಯ ರಸ ಕೊಬ್ಬನ್ನು ಒಡೆಯುತ್ತದೆಂದು ತೋರಿಸಿದವರು ಫ್ರಾನ್ಸಿನ ಕ್ಲೋದ್ ಬೆರ್ನಾರ್, 1840ರ ದಶಕದಲ್ಲಿ. ಮೊಲಕ್ಕೆ ಕೊಬ್ಬು ತಿನ್ನಿಸಿದರೆ ಅದರ ಕರುಳಿನಿಂದ ಹೊರಡುವ ಸಣ್ಣ ನಾಳಗಳು ಹಾಲಿನ ಬಣ್ಣಕ್ಕೆ ತಿರುಗುತ್ತವೆ, ಕೊಬ್ಬು ಒಳಗೆ ಸೇರಿದ ಗುರುತು. ಮೊಲದಲ್ಲಿ ಪಿತ್ತನಾಳ ಕರುಳಿಗೆ ಮೇಲೆ ಸೇರಿದರೆ, ಈ ಗ್ರಂಥಿಯ ನಾಳ ಬಹಳ ಕೆಳಗೆ ಸೇರುತ್ತದೆ. ಬಿಳಿ ಬಣ್ಣ ಶುರುವಾದದ್ದು ಆ ಕೆಳಗಿನ ನಾಳ ಸೇರಿದ ಜಾಗದಿಂದ ಮುಂದಕ್ಕೆ! ಕಣ್ಣಿಟ್ಟು ನೋಡುವುದೆಂದರೆ ಇದು.

ಇನ್ನು ಲೈಪೇಸ್ ಹೇಗಿದೆ ಎಂಬುದು. ಎಲ್ಲ ಪ್ರೋಟೀನುಗಳಂತೆ ಅದೂ ಅಮೈನೋ ಆಮ್ಲಗಳನ್ನು ಪೋಣಿಸಿದ ಒಂದು ಸರ. ಸರದಲ್ಲಿ 449 ಮಣಿ. ಸರ ನೇರವಾಗಿ ನೇತಾಡುವುದಿಲ್ಲ, ಸುತ್ತಿ ಮಡಚಿ ಎರಡು ಮುದ್ದೆಯಾಗಿ ಕೂರುತ್ತದೆ. ಮೊದಲ 336 ಮಣಿ ದೊಡ್ಡ ಮುದ್ದೆ, ಉಳಿದ 113 ಚಿಕ್ಕದು. (ಕೂಡಿ ನೋಡಿದೆ, ಟ್ಯಾಲಿ ಆಗುತ್ತದೆ.) ದೊಡ್ಡ ಮುದ್ದೆಯಲ್ಲಿ ಕತ್ತರಿಯ ಅಲಗಿದೆ. ಅಲಗು ಅಂದರೆ ಬರೀ ಮೂರು ಮಣಿ: 152ನೆಯ ಸೆರೀನ್, 176ನೆಯ ಆಸ್ಪಾರ್ಟಿಕ್ ಆಮ್ಲ, 263ನೆಯ ಹಿಸ್ಟಿಡಿನ್. ಸರದಲ್ಲಿ ದೂರ ದೂರ ಇರುವ ಈ ಮೂರೂ ಮಡಚಿದಾಗ ಅಕ್ಕಪಕ್ಕ ಬರುತ್ತವೆ. ಮೊಮ್ಮಗಳಿಗೆ ನನ್ನ ಹಳೆಯ ಲೆಡ್ಜರ್ ಕಾಲದ ಉದಾಹರಣೆ ಕೊಟ್ಟೆ: ಮೂರು ಬೇರೆ ಬೇರೆ ಪುಟಗಳ ಲೆಕ್ಕ ಒಂದೇ ವೋಚರಿನಲ್ಲಿ ಸೇರಿದ ಹಾಗೆ. "ತಾತ, ವೋಚರ್ ಅಂದ್ರೇನು?" ಎಂದಳು. ಬಿಟ್ಟುಬಿಟ್ಟೆ.

ನನಗೆ ಬಹಳ ಹಿಡಿಸಿದ್ದು ಮುಂದಿನ ಸಂಗತಿ. ಈ ಅಲಗಿಗೆ ಒಂದು ಮುಚ್ಚಳ ಇದೆ. ಅದೇ ಸರದ ಒಂದು ಕುಣಿಕೆ ಅಲಗಿನ ಮೇಲೆ ಬಾಗಿ ಮುಚ್ಚಿಕೊಂಡಿರುತ್ತದೆ. ನೀರಿನಲ್ಲಿರುವಷ್ಟು ಹೊತ್ತೂ ಕತ್ತರಿ ಮುಚ್ಚಿಯೇ ಇರುತ್ತದೆ. 1958ರಲ್ಲೇ ಫ್ರಾನ್ಸಿನ ಸಾರ್ಡಾ ಮತ್ತು ಡೆನ್ಯುಯೆಲ್ ಒಂದು ವಿಚಿತ್ರ ಕಂಡಿದ್ದರು: ಜಿಡ್ಡಿನ ಪದಾರ್ಥ ನೀರಿನಲ್ಲಿ ಕರಗಿರುವವರೆಗೆ ಲೈಪೇಸ್ ಮುಟ್ಟಿಯೂ ಮುಟ್ಟದ ಹಾಗಿರುತ್ತದೆ, ಕರಗದೆ ಹನಿ ಮೂಡಿತೋ, ಕೆಲಸ ಒಮ್ಮೆಲೇ ಏರುತ್ತದೆ. ಯಾಕೆಂದು ಕಂಡದ್ದು 32 ವರ್ಷದ ಮೇಲೆ. 1990ರಲ್ಲಿ ವಿಂಕ್ಲರ್ ಮತ್ತು ಜೊತೆಗಾರರು ಮನುಷ್ಯನ ಲೈಪೇಸನ್ನು ಕಲ್ಲುಸಕ್ಕರೆಯಂತೆ ಹರಳುಗಟ್ಟಿಸಿ, ಎಕ್ಸ್-ರೇ ಹಾಯಿಸಿ ಅದರ ಆಕಾರ ಬರೆದರು. ಮುಚ್ಚಳ ಕಂಡದ್ದು ಆಗ. ಹನಿಯ ಮೈ ಸಿಕ್ಕಿದಾಗ ಈ ಮುಚ್ಚಳ ಪಕ್ಕಕ್ಕೆ ಸರಿಯುತ್ತದೆ.

ಒಂದು ತೊಡಕಿದೆ. ಅಂಟುವಾಳದ ಕೆಲಸ ಮಾಡಿದ ಪಿತ್ತ ಹನಿಯ ಮೈಗೆ ಸವರಿಕೊಂಡಿರುತ್ತದಲ್ಲ, ಅದು ಲೈಪೇಸನ್ನು ಕೂರಲು ಬಿಡದೆ ತಳ್ಳುತ್ತದೆ. ಸಹಾಯ ಮಾಡಿದವನೇ ಅಡ್ಡ ನಿಂತ ಹಾಗೆ. ಅದಕ್ಕೆಂದೇ ಗ್ರಂಥಿ ಇನ್ನೊಂದು ಪುಟ್ಟ ಪ್ರೋಟೀನನ್ನೂ ಕಳಿಸುತ್ತದೆ. ಅದರ ಹೆಸರು ಕೊಲೈಪೇಸ್, ಗಾತ್ರ ಲೈಪೇಸಿನ ಐದನೆಯ ಒಂದು ಭಾಗ. ಅದು ಒಂದು ಕಡೆ ಲೈಪೇಸಿನ ಚಿಕ್ಕ ಮುದ್ದೆಯನ್ನು ಹಿಡಿದುಕೊಂಡು, ಇನ್ನೊಂದು ಕಡೆ ಹನಿಗೆ ಕಚ್ಚಿಕೊಳ್ಳುತ್ತದೆ. ತೆರೆದ ಮುಚ್ಚಳಕ್ಕೂ ಆಸರೆ ಕೊಡುತ್ತದೆ. ಬ್ಯಾಂಕಿನ ಲಾಕರ್ ನೆನಪಾಯಿತು. ಗಿರಾಕಿಯ ಕೀಲಿ ಒಂದರಿಂದಲೇ ಅದು ತೆರೆಯುವುದಿಲ್ಲ, ಬ್ಯಾಂಕಿನ ಕೀಲಿಯೂ ತಿರುಗಬೇಕು. ಹೋಲಿಕೆ ಪೂರ್ತಿ ಕೂರುವುದಿಲ್ಲ ಎಂದು ಡಾಕ್ಟರು ನಕ್ಕರು. ಆದರೂ ಒಪ್ಪಿಕೊಂಡರು.

ಕತ್ತರಿ ಏನು ಕತ್ತರಿಸುತ್ತದೆ? ತುಪ್ಪದ ಒಂದು ಅಣು ಅಂದರೆ ಗ್ಲಿಸರಾಲ್ ಎಂಬ ಕಡ್ಡಿಗೆ ಕಟ್ಟಿದ ಮೂರು ಉದ್ದನೆಯ ಬಾಲ. ಲೈಪೇಸ್ ಎರಡು ಕೊನೆಯ ಬಾಲಗಳನ್ನು ಕತ್ತರಿಸಿ ನಡುವಿನದನ್ನು ಕಡ್ಡಿಯಲ್ಲೇ ಬಿಡುತ್ತದೆ. ಈ ತುಂಡುಗಳು ಕರುಳಿನ ಗೋಡೆ ದಾಟುತ್ತವೆ. ದಾಟಿದ ಮೇಲೆ ಜೀವಕೋಶ ಅವನ್ನು ಮತ್ತೆ ಮೂರು ಬಾಲದ ಕೊಬ್ಬಾಗಿ ಹೊಲಿಯುತ್ತದೆ! ಕ್ಯಾಶ್ ಕೌಂಟರಿನ ಕಿಂಡಿಯಲ್ಲಿ ಕಟ್ಟು ತೂರುವುದಿಲ್ಲವೆಂದು ಬಿಡಿಸಿ ಒಳಗೆ ಕೊಟ್ಟು, ಒಳಗೆ ಮತ್ತೆ ಕಟ್ಟು ಕಟ್ಟಿದ ಹಾಗೆ. ಬೆರ್ನಾರ್ ಕಂಡ ಹಾಲಿನ ಬಣ್ಣ ಆ ಮರುಕಟ್ಟಿದ ಕಟ್ಟುಗಳದು.

(ತೂಕ ಇಳಿಸಲು ಕೊಡುವ ಆರ್ಲಿಸ್ಟಾಟ್ ಎಂಬ ಔಷಧ ಆ 152ನೆಯ ಮಣಿಯನ್ನೇ ಹಿಡಿದು ಕೂರುತ್ತದೆ. ತಿಂದ ಜಿಡ್ಡಿನಲ್ಲಿ ಮೂರನೆಯ ಒಂದು ಪಾಲಿನಷ್ಟು ಒಳಗೆ ಸೇರದೆ ಹಾಗೇ ಕೆಳಗಿಳಿಯುತ್ತದೆ. ಹೇಗೆ ಇಳಿಯುತ್ತದೆಂದು ಊಟದ ಹೊತ್ತಿನಲ್ಲಿ ಓದುವವರಿಗಾಗಿ ಬರೆಯುವುದಿಲ್ಲ.)

ಈಗ ಮೊಮ್ಮಗಳ ಪ್ರಶ್ನೆ. ಪಿತ್ತನಾಳವೂ ಮೇದೋಜೀರಕದ ನಾಳವೂ ಮನುಷ್ಯರಲ್ಲಿ ಸಾಮಾನ್ಯವಾಗಿ ಒಂದೇ ಬಾಗಿಲಿನಿಂದ ಕರುಳಿಗೆ ಇಳಿಯುತ್ತವೆ. ನನ್ನಾಕೆಯ ಪಿತ್ತಕೋಶದಲ್ಲಿ ಕಲ್ಲುಗಳಿದ್ದವು, ನಮಗೆ ಗೊತ್ತೇ ಇರಲಿಲ್ಲ. ಒಂದು ಜಾರಿ ಆ ಬಾಗಿಲಿಗೆ ಬಂದು ಸಿಕ್ಕಿಕೊಂಡಿತು. ಹೊರಗೆ ಹೋಗಬೇಕಾದ ರಸ ಗ್ರಂಥಿಯಲ್ಲೇ ನಿಂತಿತು. ಪ್ರೋಟೀನ್ ಕತ್ತರಿಸುವ ಟ್ರಿಪ್ಸಿನ್ ಎಂಬ ಕಿಣ್ವವನ್ನು ಗ್ರಂಥಿ ಯಾವಾಗಲೂ ನಿದ್ದೆಯಲ್ಲೇ ಕಳಿಸುತ್ತದೆ, ಅದು ಏಳಬೇಕಾದದ್ದು ಕರುಳಿನಲ್ಲಿ. ಅದು ಗ್ರಂಥಿಯ ಒಳಗೇ ಎದ್ದು ತನ್ನ ಮನೆಯನ್ನೇ ಹರಿಯತೊಡಗಿತು. ಜೀವಕೋಶಗಳು ಒಡೆದು ಲೈಪೇಸ್ ಸೋರಿತು. ಗ್ರಂಥಿಯ ಸುತ್ತ ಇರುವುದೇನು? ಕೊಬ್ಬು, ನಮ್ಮದೇ ಕೊಬ್ಬು. ಅದು ಒಬ್ಬಟ್ಟಿನ ತುಪ್ಪವೋ ಅಜ್ಜಿಯ ಮೈಯೋ, ಕತ್ತರಿಗೆ ಏನು ಗೊತ್ತು? ಹೀಗೆ ಕತ್ತರಿಸಿದ ಬಾಲಗಳು ಸುತ್ತಲಿನ ಜೀವಕೋಶಗಳನ್ನು ಸುಡುತ್ತವೆ; ಕ್ಯಾಲ್ಸಿಯಂ ಜೊತೆ ಸೇರಿ ಸುಣ್ಣದ ಚುಕ್ಕೆಯಂತಹ ಒಂದು ಬಗೆಯ ಸಾಬೂನಾಗುತ್ತವೆ. ಕಾಯಿಲೆ ಜೋರಾದವರಲ್ಲಿ ರಕ್ತದ ಕ್ಯಾಲ್ಸಿಯಂ ಇಳಿಯುವುದಕ್ಕೆ ಇದೂ ಒಂದು ಕಾರಣವಂತೆ. ಸೋರಿದ್ದರಲ್ಲಿ ಒಂದಷ್ಟು ರಕ್ತಕ್ಕೆ ಸೇರುತ್ತದೆ. ವರದಿಯ 1,840 ಅದೇ.

"ಅಂದ್ರೆ ಲೈಪೇಸ್ ಜಾಸ್ತಿಯಾಗಿರಲಿಲ್ಲ, ಇರಬಾರದ ಕಡೆ ಇತ್ತು" ಎಂದಳು ಮೊಮ್ಮಗಳು. ಮೊತ್ತ ಸರಿ, ಖಾತೆ ತಪ್ಪು. ಇದು ನನಗೆ ಅರ್ಥವಾಗುವ ಭಾಷೆ.

ನನ್ನ ವಯಸ್ಸಿನವರಿಗೆ ಡಾಕ್ಟರು ಹೇಳಿದ ಎರಡು ಮಾತು. ಲೈಪೇಸ್ ಮಿತಿಯ ಮೂರು ಪಟ್ಟು ದಾಟಿ, ಜೊತೆಗೆ ಇಂಥ ನೋವೂ ಇದ್ದರೆ ಮೇದೋಜೀರಕದ ಉರಿಯೂತವೆಂದು ತಿಳಿಯುತ್ತಾರೆ; ಆದರೆ ಅಂಕಿ ದೊಡ್ಡದಿದ್ದಷ್ಟೂ ಕಾಯಿಲೆ ದೊಡ್ಡದು ಎಂದೇನೂ ಇಲ್ಲ. ಮೂವತ್ತು ಪಟ್ಟು ಎಂದು ನಾನು ಸುಮ್ಮನೆ ನಡುಗಿದ್ದೆ. ಇನ್ನೊಂದು, ಮೇಲುಹೊಟ್ಟೆಯ ನೋವು ಬೆನ್ನಿಗೆ ಹಾಯ್ದು, ವಾಂತಿಯೂ ಇದ್ದು, ಮುಂದೆ ಬಾಗಿ ಕೂತರೆ ಮಾತ್ರ ಸ್ವಲ್ಪ ಹಗುರವೆನಿಸಿದರೆ ಬೆಳಗಾಗಲಿ ಎಂದು ಕಾಯಬೇಡಿ. ಓಮದ ಡಬ್ಬಿ ಅಲ್ಲೇ ಇರಲಿ. ಆರು ಗಂಟೆ ಕಾಯಿಸಿದ್ದಕ್ಕೆ ನನ್ನಾಕೆ ನನಗೆ ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಎರಡು ದಿನ ಬಾಯಿಗೆ ಏನೂ ಇಲ್ಲ, ಬರೀ ಸಲೈನು. ಕಲ್ಲು ತಾನಾಗಿಯೇ ಕರುಳಿಗೆ ಇಳಿದುಹೋಗಿತ್ತು. ಊತ ಇಳಿದ ಮೇಲೆ ಪಿತ್ತಕೋಶವನ್ನೇ ತೆಗೆದರು. ಅದು ಪಿತ್ತ ಕೂಡಿಡುವ ಚೀಲವಷ್ಟೆ. ಇಲ್ಲದಿದ್ದರೂ ಪಿತ್ತ ಯಕೃತ್ತಿನಿಂದ ನೇರವಾಗಿ ಕರುಳಿಗೆ ಬರುತ್ತದೆ.

ಮನೆಗೆ ಬಂದ ದಿನ ಮೊಮ್ಮಗಳು ತಾನು ಬರೆದ ಲೈಪೇಸಿನ ಚಿತ್ರವನ್ನು ಅಜ್ಜಿಗೆ ತೋರಿಸಿದಳು. ಕೆಂಪು ಸ್ಕೆಚ್ ಪೆನ್ನಿನ ಮೂರು ಚುಕ್ಕಿ, ಮೇಲೆ ಹಸಿರು ಮುಚ್ಚಳ.

"ಇದೇನಾ ನನ್ನನ್ನ ಮಲಗಿಸಿದ್ದು?" ಎಂದಳು ನನ್ನಾಕೆ.

"ಇಲ್ಲಜ್ಜಿ, ಇದು ಮುಚ್ಕೊಂಡಿರೋದು. ಏನೂ ಮಾಡಲ್ಲ."

"ಹಾಗಾದ್ರೆ ಏನ್ರೀ, ಅನ್ನಕ್ಕೆ ಒಂದು ತೊಟ್ಟು ತುಪ್ಪ ಹಾಕಿ. ಮುಚ್ಚಳ ತೆರೆಯತ್ತಾ ನೋಡೋಣ."

ಆಸ್ಪತ್ರೆಯವರು ಕೊಟ್ಟ ಪಥ್ಯದ ಚೀಟಿಯನ್ನು ಇನ್ನೊಮ್ಮೆ ಓದಿದೆ. ದಿನಕ್ಕೆ ಅರ್ಧ ಚಮಚ ಎಂದಿತ್ತು. ಅಳೆದು ಹಾಕಿದೆ.