ಭವಾವಳಿ ಕೇಳುವವರು ಬಾಲ್ಯವನ್ನೇಕೆ ಕೇಳಲಾರರು?

‘ಆದದ್ದು ಆಗಿಹೋಯಿತು, ಮರೆತುಬಿಡು, ಹೊಡೆದವರು ಹೆತ್ತವರೇ ಅಲ್ಲವೇ?’ ಬಾಲ್ಯದಲ್ಲಿ ಉಂಡ ನೋವಿನಿಂದ ನಲವತ್ತು ಐವತ್ತರ ವಯಸ್ಸಿನಲ್ಲೂ ಬಿಡುಗಡೆ ಕಾಣದವನು ಎಂದಾದರೊಮ್ಮೆ ಬಾಯಿಬಿಟ್ಟರೆ ಬಂಧುಗಳಿಂದ ಸಾಮಾನ್ಯವಾಗಿ ದೊರೆಯುವ ಉತ್ತರವಿದು. ಇದಕ್ಕೆ ಧರ್ಮದ ಲೇಪವೂ ಉಂಟು. ಒಬ್ಬರು ‘ಅದು ಪೂರ್ವಕರ್ಮದ ಫಲ’ ಎನ್ನುತ್ತಾರೆ. ಮತ್ತೊಬ್ಬರು ‘ಉತ್ತಮಕ್ಷಮೆಯೇ ಮೊದಲ ಧರ್ಮ’ ಎಂದು ನೆನಪಿಸುತ್ತಾರೆ. ಎರಡೂ ಪವಿತ್ರವಾದ ಮಾತುಗಳೇ. ಆದರೆ ನೊಂದವನ ಬಾಯಿ ಮುಚ್ಚಿಸಲು ಬಳಸಿದಾಗ ಆ ಮಾತುಗಳೇ ಹಿಂಸೆಯ ಉಪಕರಣಗಳಾಗುತ್ತವೆ.

ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಶೆಟ್ಟಿಕೆರೆಯಿಂದ ತಿಪಟೂರು, ತುರುವೇಕೆರೆಗಳವರೆಗೆ ಹಬ್ಬಿರುವ ತೆಂಗಿನ ಸೀಮೆಯವರಿಗೆ ‘ಕಾಲವೇ ಮದ್ದು’ ಎಂಬ ಮಾತಿನ ಪೊಳ್ಳುತನ ತಿಳಿಯದ್ದೇನಲ್ಲ. ಕೊಬ್ಬರಿಗೆಂದು ಅಟ್ಟಕ್ಕೇರಿಸಿದ ಕಾಯಿ ತಿಂಗಳುಗಟ್ಟಲೆ ಅಲ್ಲಿಯೇ ಇದ್ದು, ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟು ಉಂಡೆ ಕೊಬ್ಬರಿಯಾಗುತ್ತದೆ. ಏರಿಸುವಾಗಲೇ ಒಳಗೆ ಬಿರುಕು ಬಿಟ್ಟಿದ್ದ ಕಾಯಿಯೂ ಸಿಪ್ಪೆಯ ಮರೆಯಲ್ಲಿ ಮಿಕ್ಕವುಗಳಂತೆಯೇ ಕಾಣುತ್ತದೆ. ಸುಲಿದು ಒಡೆದ ದಿನವಷ್ಟೇ ಕೊಳೆತದ್ದು ಗೊತ್ತಾಗುವುದು. ಅಟ್ಟದಲ್ಲಿ ಕಳೆದ ಕಾಲ ಆ ಬಿರುಕನ್ನು ಮಾಯಿಸಿರುವುದಿಲ್ಲ. ಇದನ್ನು ಬಲ್ಲ ಗೃಹಸ್ಥರೇ ಮಗುವಿನ ವಿಷಯದಲ್ಲಿ ಮಾತ್ರ ಎಲ್ಲವೂ ತಾನಾಗಿ ಮಾಯುತ್ತದೆಂದು ನಂಬುವುದು ಸೋಜಿಗ.

ಹಳೆಯ ಕೂಲಿಮಠಗಳ ಕೋದಂಡ, ಮೆಣಸಿನಕಾಯಿಯ ಹೊಗೆ ಮುಂತಾದ ಶಿಕ್ಷೆಗಳನ್ನು ಹಿರಿಯರು ಇಂದಿಗೂ ನಗುನಗುತ್ತಾ ವರ್ಣಿಸುವುದುಂಟು. ಪೊರಕೆ ಕಡ್ಡಿಯ ಬಾಸುಂಡೆ, ಕಂಬಕ್ಕೆ ಕಟ್ಟಿಹಾಕುವುದು, ರಾತ್ರಿಯ ಊಟ ತಪ್ಪಿಸುವುದು, ನೆಂಟರೆದುರು ಹೀಯಾಳಿಸುವುದು, ಓದಿನಲ್ಲಿ ಮುಂದಿರುವ ಅಣ್ಣನೊಡನೆ ದಿನವೂ ತೂಗಿ ನೋಡುವುದು, ಇವೆಲ್ಲ ಶಿಸ್ತಿನ ಹೆಸರಿನಲ್ಲಿ ನಡೆದುಬಂದಿವೆ. ಹಾಗೆ ಬೆಳೆದವನು ಮುಂದೆ ಯಜಮಾನನಾಗುತ್ತಾನೆ. ಜಿನಮಂದಿರಕ್ಕೆ ಕಾಣಿಕೆ ಕೊಡುತ್ತಾನೆ, ಪರ್ವದಿನಗಳಲ್ಲಿ ಉಪವಾಸ ಮಾಡುತ್ತಾನೆ. ಆದರೂ ಏರಿದ ದನಿ ಕೇಳಿದರೆ ಅವನ ಎದೆ ನಡುಗುತ್ತದೆ, ನಿದ್ರೆ ಹತ್ತುವುದಿಲ್ಲ. ಸಣ್ಣ ತಪ್ಪಿಗೂ ತನ್ನ ಮಗನ ಮೇಲೆ ಕೈ ಎತ್ತುತ್ತಾನೆ, ಆಮೇಲೆ ಒಳಗೇ ಕೊರಗುತ್ತಾನೆ. ಶಾಸ್ತ್ರವು ಆರ್ತಧ್ಯಾನವೆಂದು ಕರೆದದ್ದು ಇಂತಹ ಕೊರಗನ್ನೇ ಅಲ್ಲವೇ?

ವೈದ್ಯಶಾಸ್ತ್ರವೂ ಇದನ್ನು ಸಮರ್ಥಿಸುತ್ತದೆ. ಅಮೆರಿಕದ ಸ್ಯಾನ್ ಡಿಯಾಗೊ ನಗರದಲ್ಲಿ 1995ರಿಂದ 1997ರವರೆಗೆ ಹದಿನೇಳು ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಅವರ ಬಾಲ್ಯದ ಕುರಿತು ಪ್ರಶ್ನಿಸಲಾಯಿತು. ವೈದ್ಯರಾದ ವಿನ್ಸೆಂಟ್ ಫೆಲಿಟ್ಟಿ ಮತ್ತು ರಾಬರ್ಟ್ ಆಂಡಾ ಅವರು 1998ರಲ್ಲಿ ಮೊದಲ ಫಲಿತಾಂಶ ಪ್ರಕಟಿಸಿದರು. ಬಾಲ್ಯದ ಸಂಕಟಗಳ ಬಗೆಗಳು ಹೆಚ್ಚಿದಷ್ಟೂ ಪ್ರಾಯದಲ್ಲಿ ಖಿನ್ನತೆ, ಕುಡಿತ, ಆತ್ಮಹತ್ಯೆಯ ಯತ್ನಗಳಷ್ಟೇ ಅಲ್ಲದೆ ಹೃದ್ರೋಗವೂ ಹೆಚ್ಚಾಗಿ ಕಂಡುಬಂದಿತ್ತು. ಭಾರತ ಸರ್ಕಾರವು ಹದಿಮೂರು ರಾಜ್ಯಗಳಲ್ಲಿ 12,447 ಮಕ್ಕಳನ್ನು ಮಾತನಾಡಿಸಿ 2007ರಲ್ಲಿ ಹೊರತಂದ ವರದಿಯಂತೆ ಮೂವರಲ್ಲಿ ಇಬ್ಬರು ಮಕ್ಕಳು ದೈಹಿಕ ಹಿಂಸೆಗೆ ಒಳಗಾಗಿದ್ದರು. ಅಹಿಂಸೆಯನ್ನು ಪರಮಧರ್ಮವೆಂದು ನಂಬಿದ ಮನೆಗಳು ಈ ಲೆಕ್ಕದಿಂದ ಹೊರಗಿವೆ ಎನ್ನಲು ಆಧಾರವೇನು?

ಶ್ರಾವಕಾಚಾರ ಬಲ್ಲವರು ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಒಮ್ಮೆ ನೆನೆಯಲಿ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವೂ ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವೂ ಅವನ್ನು ಎಣಿಸಿವೆ: ಕಟ್ಟುವುದು, ಹೊಡೆಯುವುದು, ಅಂಗವನ್ನು ಛೇದಿಸುವುದು, ಮಿತಿಮೀರಿ ಹೊರೆ ಹೊರಿಸುವುದು, ಅನ್ನಪಾನ ತಡೆಯುವುದು. ಇವು ಎತ್ತು ಕರುಗಳಿಗೆ ಸಂಬಂಧಿಸಿದವೆಂದು ಬಹುಮಂದಿ ತಿಳಿದಿದ್ದಾರೆ. ಕೊಟ್ಟಿಗೆಯ ಪಶುವಿಗೆ ಮಾಡಿದರೆ ವ್ರತಕ್ಕೆ ಕಳಂಕವಾಗುವ ಕೃತ್ಯ ನಡುಮನೆಯ ಮಗುವಿಗೆ ಮಾಡಿದರೆ ಸಂಸ್ಕಾರವಾಗುವುದು ಹೇಗೆ?

ಇನ್ನು ಪೂರ್ವಕರ್ಮದ ಮಾತು. ಮಗುವಿಗೆ ಒದಗಿದ ದುಃಖದಲ್ಲಿ ಅದರ ಕರ್ಮೋದಯವಿರಬಹುದು. ಹೊಡೆದವನ ಕಷಾಯವನ್ನು ಅದು ಅಳಿಸುವುದಿಲ್ಲ. ಪರರಲ್ಲಿ ದುಃಖ, ಶೋಕ, ಆಕ್ರಂದನ ಹುಟ್ಟಿಸುವವನಿಗೆ ಅಸಾತಾವೇದನೀಯದ ಆಸ್ರವವಾಗುತ್ತದೆಂದು ಅದೇ ತತ್ತ್ವಾರ್ಥಸೂತ್ರ ಹೇಳುತ್ತದೆ. ಪುರುಷಾರ್ಥದಿಂದ ಕರ್ಮನಿರ್ಜರೆ ಸಾಧ್ಯವೆಂದು ಬೋಧಿಸುವ ಧರ್ಮವನ್ನು ‘ಅನುಭವಿಸು, ಸುಮ್ಮನಿರು’ ಎಂಬ ಒಣ ವಿಧಿವಾದಕ್ಕೆ ಇಳಿಸುವುದು ಧರ್ಮಕ್ಕೇ ಮಾಡುವ ಅಪಚಾರ.

‘ಹಳೆಯದನ್ನು ಕೆದಕಬಾರದು’ ಎನ್ನುವವರಿಗೆ ಜೈನ ಪುರಾಣಗಳೇ ಉತ್ತರ ಕೊಡುತ್ತವೆ. ಪಂಪನ ಆದಿಪುರಾಣ ಆದಿನಾಥ ತೀರ್ಥಂಕರರ ಹಿಂದಿನ ಭವಗಳನ್ನು ಒಂದೊಂದಾಗಿ ಬಿಡಿಸಿ ಹೇಳುತ್ತದೆ. ಜನ್ನನು 1209ರಲ್ಲಿ ರಚಿಸಿದ ಯಶೋಧರ ಚರಿತೆಯಲ್ಲಂತೂ ಕಥೆ ಹೊರಡುವುದೇ ಬಲಿಗೆಂದು ಹಿಡಿದು ತಂದ ಎಳೆಯರ ಬಾಯಿಂದ. ಮಾರಿದತ್ತ ಅರಸನು ಅಭಯರುಚಿ, ಅಭಯಮತಿಯರನ್ನು ನೀವು ಯಾರೆಂದು ವಿಚಾರಿಸುತ್ತಾನೆ. ತಾಯಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಸಂಕಲ್ಪಹಿಂಸೆ ಜನ್ಮಜನ್ಮಾಂತರಗಳಲ್ಲಿ ಹೇಗೆ ಬೆನ್ನಟ್ಟಿತೆಂಬುದನ್ನು ಅವರು ಹೇಳುತ್ತಾರೆ. ಅರಸನು ಕೇಳುತ್ತಾನೆ; ಕೇಳಿದ್ದರಿಂದಲೇ ಬಲಿಯನ್ನು ಬಿಡುತ್ತಾನೆ. ಆ ಕಥೆಯಲ್ಲಿ ಹೆತ್ತ ತಾಯಿಯ ತಪ್ಪನ್ನೂ ಮುಚ್ಚಿಟ್ಟಿಲ್ಲ. ಅದರಿಂದ ಮಾತೃಗೌರವಕ್ಕೆ ಕುಂದು ಬಂದಿತೆಂದು ಯಾರೂ ಹೇಳಿಲ್ಲ. ಹತ್ತು ಭವಗಳ ಹಿಂದಿನದನ್ನು ಭಕ್ತಿಯಿಂದ ಕೇಳುವ ಸಮಾಜಕ್ಕೆ ಕಣ್ಣೆದುರಿನ ಮನುಷ್ಯನ ಎಂಟನೆಯ ವಯಸ್ಸಿನ ಕಥೆ ಕೇಳಲು ವ್ಯವಧಾನವಿಲ್ಲವೇ?

ಹಿರಿಯರನ್ನು ಕಟಕಟೆಯಲ್ಲಿ ನಿಲ್ಲಿಸುವುದು ತರವೇ ಎಂಬ ಆಕ್ಷೇಪ ಬರುವುದು ಸಹಜ. ಕೈ ಎತ್ತಿದ ಹಿರಿಯರಲ್ಲಿ ಎಷ್ಟೋ ಮಂದಿ ತಾವೂ ಏಟು ತಿಂದು ಬೆಳೆದವರು, ಬಡತನ ಸಾಲಗಳಿಗೆ ಹಣ್ಣಾದವರು. ಅವರ ಮೇಲೆ ದ್ವೇಷ ಸಾಧಿಸಿದರೆ ಮತ್ತೊಂದು ಕಷಾಯವೇ ಬೆಳೆಯುತ್ತದೆ. ಬೇಕಾಗಿರುವುದು ಸತ್ಯದ ಅಂಗೀಕಾರ. ಪ್ರಾಯಶ್ಚಿತ್ತದಲ್ಲಿ ಮೊದಲನೆಯದು ಆಲೋಚನೆ, ಎಂದರೆ ತನ್ನ ದೋಷವನ್ನು ಮರೆಮಾಚದೆ ನಿವೇದಿಸುವುದು. ದೋಷ ಮಾಡಿದವನು ಮೌನವಾಗಿದ್ದು ನೊಂದವನೇ ಕ್ಷಮಿಸಬೇಕೆಂಬ ಕಟ್ಟಳೆ ಎಲ್ಲಿಯೂ ಇಲ್ಲ.

ಅನಂತ ಚತುರ್ದಶಿಯ ನಂತರ ಬರುವ ಕ್ಷಮಾವಣಿಯಂದು ಹಿರಿಯರು ಪರಸ್ಪರ ಕೈಮುಗಿಯುತ್ತಾರೆ, ಪರವೂರಿನ ನೆಂಟರಿಗೆ ಸಂದೇಶ ಕಳುಹಿಸುತ್ತಾರೆ, ಕಿರಿಯರಿಂದ ನಮಸ್ಕಾರ ಸ್ವೀಕರಿಸುತ್ತಾರೆ. ಆದರೆ ಎಷ್ಟು ತಂದೆಯರು ಮಗನೆದುರು ಕುಳಿತು ‘ಆ ದಿನ ನಿನ್ನನ್ನು ಹೊಡೆದದ್ದು ನನ್ನ ತಪ್ಪು’ ಎಂದಿದ್ದಾರೆ? ಸಕಲ ಜೀವಗಳಲ್ಲಿ ಕ್ಷಮೆ ಬೇಡುವಾಗ ಮನೆಯ ಮಕ್ಕಳು ಆ ಜೀವರಾಶಿಯಿಂದ ಹೊರಗುಳಿದದ್ದೇಕೆ?

ಬಸದಿಗಳ ಆಡಳಿತ ಮಂಡಳಿಗಳು ಪಂಚಕಲ್ಯಾಣಕ್ಕೆ ತೋರುವ ಉತ್ಸಾಹದಲ್ಲಿ ಸ್ವಲ್ಪವನ್ನು ಈ ಕಡೆಗೂ ತಿರುಗಿಸಲಿ. ಶಾಲೆಗಳಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ. ಧರ್ಮ ಪಾಠಶಾಲೆಗಳಲ್ಲಿಯೂ ಬೆತ್ತಕ್ಕೆ ಎಡೆಯಿರಕೂಡದು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದ ಸಂಗತಿ ತಿಳಿದುಬಂದರೆ ಮಂಡಳಿಯ ಪಂಚಾಯಿತಿಯಲ್ಲಿ ಮುಚ್ಚಿಹಾಕುವಂತಿಲ್ಲ. 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸುವುದು ಕರ್ತವ್ಯ. ಕಷ್ಟದಲ್ಲಿರುವ ಮಕ್ಕಳಿಗೆ 1098, ಮನಸ್ಸು ನೊಂದವರಿಗೆ 2022ರಲ್ಲಿ ಆರಂಭವಾದ ಟೆಲಿ ಮಾನಸ್‌ನ 14416, ಈ ಎರಡು ಸಂಖ್ಯೆಗಳು ಪ್ರತಿ ಬಸದಿಯ ಸೂಚನಾ ಫಲಕದಲ್ಲಿರಲಿ. ವೈದ್ಯರ ಬಳಿಗೆ ಹೋಗುವುದನ್ನು ಶ್ರದ್ಧೆಯ ಕೊರತೆಯೆಂದು ಯಾರೂ ಹಳಿಯದಿರಲಿ.

ನೀರನ್ನು ಸೋಸಿ ಕುಡಿಯುವ, ಸೂರ್ಯಾಸ್ತಕ್ಕೆ ಮುನ್ನ ಉಣ್ಣುವ ಮನೆಗಳಲ್ಲಿ ಕಣ್ಣಿಗೆ ಕಾಣದ ಜೀವಿಗೂ ದಯೆಯುಂಟು. ಕಣ್ಣೆದುರೇ ಅಳುವ ಮಗುವಿಗೂ, ಅತ್ತು ಬೆಳೆದು ಇಂದು ಮೌನವಾಗಿರುವ ಮನುಷ್ಯನಿಗೂ ಅದರಲ್ಲಿ ಪಾಲು ದೊರೆಯುವವರೆಗೆ ಆ ಮನೆಗಳ ಅಹಿಂಸಾವ್ರತ ಪೂರ್ಣವಾಯಿತೆಂದು ಹೇಳುವಂತಿಲ್ಲ.